ಗಬ್ಬ ನಿಲ್ಲದ ದಿನಕ್ಕೆ 154 ರೂಪಾಯಿ

ಸೀಮೆಹಸುವಿನ ವ್ಯಾಪಾರ ನಮ್ಮ ಕಡೆ ಲೀಟರ್ ಲೆಕ್ಕದಲ್ಲಿ ಕುದುರುತ್ತದೆ. ಎರಡು ಹೊತ್ತು ಸೇರಿ ಎಷ್ಟು ಕರೆಯುತ್ತದೆ ಎಂದು ಕೇಳುತ್ತಾರೆ, ಲೀಟರಿಗೆ ಇಷ್ಟು ಸಾವಿರ ಎಂದು ಗುಣಿಸುತ್ತಾರೆ, ಎಷ್ಟನೇ ಸೂಲು ಎಂದು ನೋಡಿ ಒಂದೆರಡು ಸಾವಿರ ಎಳೆದಾಡುತ್ತಾರೆ. ದಲ್ಲಾಳಿ ಟವೆಲ್ಲು ಕೊಡವಿ ಎದ್ದ ಎಂದರೆ ಮಾತು ಮುಗಿಯಿತು. ಹಸು ಗಬ್ಬವೋ ಅಲ್ಲವೋ, ಈದ ಮೇಲೆ ಎಷ್ಟು ಸಲ ಬೆದೆಗೆ ಬಂದಿದೆ, ಎಷ್ಟು ಸಲ ಸೆಮೆನ್ ಹಾಕಿಸಿದ್ದಾರೆ ಎಂದು ಕೇಳುವವನನ್ನು ಅನುಮಾನದ ಪಿಶಾಚಿ ಎನ್ನುವಂತೆ ನೋಡುತ್ತಾರೆ.

ಚಿಂತಾಮಣಿ ಕಡೆ ಊರಿನಲ್ಲಿ ಹಸು ಕಟ್ಟಿರುವ ನಮ್ಮಣ್ಣನ ಮುಂದೆ ಎರಡು ಹಸು ಇದ್ದವು. ಒಂದು ಈದು ಮೂರು ತಿಂಗಳಾದದ್ದು, 18 ಲೀಟರ್, 90,000 ರೂಪಾಯಿ. ಇನ್ನೊಂದು 10 ಲೀಟರಿನದು, ಐದು ತಿಂಗಳ ಗಬ್ಬ, ಡಾಕ್ಟರು ಕೈ ಹಾಕಿ ನೋಡಿ ಹೇಳಿದ್ದು, 75,000. ಅರ್ಧಕ್ಕಿಂತ ಹೆಚ್ಚು ದುಡ್ಡು ನನ್ನದು, ಉಳಿದದ್ದು ಸಾಲ. ಅಣ್ಣ ಫೋನಿನಲ್ಲಿ ಅಂದ: "ಹಾಲು ನೋಡಪ್ಪಾ. ಗಬ್ಬ ಇವತ್ತಲ್ದಿದ್ರೆ ನಾಳೆ ನಿಲ್ತದೆ." ಸಾಲದ ಕಂತು ತಿಂಗಳು ತಿಂಗಳು ಬರುವವನಿಗೆ 18 ಲೀಟರ್ ಕಣ್ಣಿಗೆ ಹೊಡೆಯುವುದು ಸಹಜವೇ. 18 ಲೀಟರಿನದೇ ಬಂತು.

ಮೊದಲನೇ ಬೆದೆ ಯಾರ ಕಣ್ಣಿಗೂ ಬೀಳಲಿಲ್ಲ. ಎರಡನೆಯದಕ್ಕೆ ಸೆಮೆನ್ ಹಾಕಿಸಿದರು, ತಿರುಗಿತು, ಅಂದರೆ ಗಬ್ಬ ನಿಲ್ಲದೆ ಮತ್ತೆ ಬೆದೆಗೆ ಬಂತು. ಆಮೇಲೆ ಬೇಸಿಗೆ. ಬಿಸಿಲಿಗೆ ಎಚ್ಎಫ್ ತಳಿಯ ಬೆದೆಯೇ ಮಂಕಾಗುತ್ತದೆ. ಅಂತೂ ಈದು ಸುಮಾರು 205 ದಿನವಾದ ಮೇಲೆ ಗಬ್ಬ ನಿಂತಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ, ನಾವು ಬಿಟ್ಟ ಹಸು ಪಕ್ಕದ ಬೀದಿಯವರ ಕೊಟ್ಟಿಗೆಯಲ್ಲಿ ಈದು ಹೊಸ ಹಾಲಿಗೆ ಬಂದಿತ್ತು. ನಮ್ಮದು ಆಗಲೇ ಇಳಿಯುತ್ತಿತ್ತು.

ಈ ತಡದ ಬೆಲೆ ಎಷ್ಟು? ಇದನ್ನು ಪಟ್ಟು ಹಿಡಿದು ಬರೆದೇ ನೋಡಬೇಕು. ಅಂದಾಜಿನಲ್ಲಿ ಬಿಟ್ಟರೆ "ಹಾಲು ಕೊಡ್ತಾನೇ ಇದೆಯಲ್ಲ" ಎಂಬ ಮಾತಿಗೆ ಉತ್ತರ ಸಿಗುವುದಿಲ್ಲ. ಹಸು ಗಬ್ಬ ಹೊರುವುದು ಸುಮಾರು 280 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ 85ನೇ ದಿನದ ಆಸುಪಾಸಿಗೆ ಗಬ್ಬ ನಿಲ್ಲಬೇಕು. ಹಾಗೆ ನಿಂತರೆ 305 ದಿನ ಕರೆದು 60 ದಿನ ಬತ್ತಿಸಬಹುದು. ಸರಾಸರಿ 11 ಲೀಟರ್ ಎಂದರೆ ಒಂದು ಸೂಲಿಗೆ 3,355 ಲೀಟರ್. ಅದನ್ನು 305ರಿಂದ ಭಾಗಿಸಬೇಡಿ, 365ರಿಂದ ಭಾಗಿಸಿ, ಹಾಲಿಲ್ಲದ ದಿನವೂ ಹಸು ತಿನ್ನುತ್ತದೆ. ದಿನಕ್ಕೆ 9.19 ಲೀಟರ್ ಬಂತು.

ನಮ್ಮದು 205ನೇ ದಿನ ನಿಂತದ್ದು, ಅಂದರೆ 120 ದಿನ ತಡ. ಎರಡು ಕರುವಿನ ನಡುವೆ 485 ದಿನ. ಹೆಚ್ಚುವರಿ 120 ದಿನವೂ ಹಾಲಿದೆ ನಿಜ, ಆದರೆ ಅದು ಕೊನೆಯ ಹಾಲು. ದಿನಕ್ಕೆ ನಾಲ್ಕೂವರೆ ಲೀಟರ್ ಹಿಡಿದರೆ 540. ಒಟ್ಟು 3,895. ಇದನ್ನು 485ರಿಂದ ಭಾಗಿಸಿದರೆ ದಿನಕ್ಕೆ 8.03. ಅದೇ 485 ದಿನದಲ್ಲಿ ಸಮಯಕ್ಕೆ ಗಬ್ಬ ನಿಲ್ಲುವ ಹಸುವಿನ ಪಾಲು 4,457 ಲೀಟರ್. ವ್ಯತ್ಯಾಸ 562. ಡೇರಿ ಬೆಲೆಯೂ ಸರ್ಕಾರದ ಪ್ರೋತ್ಸಾಹಧನವೂ ಸೇರಿ ಲೀಟರಿಗೆ 40 ಇಟ್ಟರೆ 22,480 ರೂಪಾಯಿ. ಹಾಲು ಕಡಿಮೆಯಾದಾಗ ಫೀಡ್ ಕೂಡ ಕಡಿಮೆ ಹಾಕುತ್ತೀರಿ. ಎರಡೂವರೆ ಲೀಟರಿಗೆ ಒಂದು ಕೆಜಿಯಂತೆ 225 ಕೆಜಿ, ಕೆಜಿಗೆ 25ರಂತೆ 5,625 ಉಳಿಯಿತು. ನಿವ್ವಳ ನಷ್ಟ 16,855. ಇದರ ಮೇಲೆ, 120 ದಿನ ಎಂದರೆ ವರ್ಷದ ಮೂರನೇ ಒಂದು ಭಾಗವಾದ್ದರಿಂದ, ಮೂರನೇ ಒಂದು ಭಾಗ ಕರು ಹೋಯಿತು. ಗಂಡಾದರೆ ಬೆಲೆಯಿಲ್ಲ, ಹೆಣ್ಣಾದರೆ 10,000 ಎಂದರೂ ಅದರಲ್ಲಿ ಅರ್ಧ, ಆ ಅರ್ಧದಲ್ಲಿ ಮೂರನೇ ಒಂದು, 1,667. ಒಟ್ಟು 18,522. ಇದನ್ನು 120 ದಿನಕ್ಕೆ ಹಂಚಿದರೆ ದಿನಕ್ಕೆ 154 ರೂಪಾಯಿ. ಒಂದು ಬೆದೆ ತಪ್ಪಿದರೆ 21 ದಿನ, ಅಂದರೆ ಸುಮಾರು 3,240.

ನಿಮ್ಮ ಹಾಲಿನ ಬೆಲೆ, ಫೀಡಿನ ಬೆಲೆ ಹಾಕಿಕೊಂಡು ಮತ್ತೊಮ್ಮೆ ಮಾಡಿ ನೋಡಿ. ಅಂಕಿ ಅಲುಗಾಡಬಹುದು, ಆದರೆ ಸೆಮೆನ್ ಹಾಕಲು ಮನೆಗೆ ಬರುವವನಿಗೆ ಕೊಡುವ ದುಡ್ಡಿಗಿಂತ ಒಂದು ಬೆದೆ ತಪ್ಪಿದ ನಷ್ಟ ಕೆಳಗಿಳಿಯುವುದಿಲ್ಲ.

ಫ್ಲಾರಿಡಾ ವಿಶ್ವವಿದ್ಯಾಲಯದ ಆಲ್ಬರ್ಟ್ ಡಿ ವ್ರೀಸ್ 2006ರಲ್ಲಿ ಅಮೆರಿಕದ ಹಿಂಡುಗಳಿಗೆ ಇದೇ ಲೆಕ್ಕವನ್ನು ಮಾಡಿದ್ದರು. ಹೊಸದಾಗಿ ನಿಂತ ಒಂದು ಗಬ್ಬದ ಸರಾಸರಿ ಬೆಲೆ 278 ಡಾಲರ್, ನಿಂತ ಗಬ್ಬ ಜಾರಿದರೆ ನಷ್ಟ 555 ಡಾಲರ್ ಎಂದು ಬಂತು. ಆದರೆ ಅಲ್ಲಿಯ ಲೆಕ್ಕದಲ್ಲಿ ಒಂದು ಬಾಗಿಲು ತೆರೆದೇ ಇರುತ್ತದೆ: ಗಬ್ಬ ನಿಲ್ಲದ ಹಸು ಮಾಂಸದ ಬೆಲೆಗೆ ಹೋಗುತ್ತದೆ, ಆ ದುಡ್ಡು ಮುಂದಿನ ಕಡಸಿಗೆ ಸೇರುತ್ತದೆ. ನಮ್ಮ ರಾಜ್ಯದಲ್ಲಿ 2021ರಿಂದ ಜಾರಿಯಲ್ಲಿರುವ ಜಾನುವಾರು ಹತ್ಯೆ ತಡೆ ಕಾಯ್ದೆಯ ಪ್ರಕಾರ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟರೆ ಉಳಿದದ್ದಕ್ಕೆ ಆ ದಾರಿ ಮುಚ್ಚಿದೆ. ಸರಿಯೋ ತಪ್ಪೋ ಎಂಬ ವಾದ ಈ ಅಂಕಣದ್ದಲ್ಲ. ಗೊಡ್ಡು ಬಿದ್ದ ಹಸುವಿನ ಕೊನೆಯ ಬೆಲೆಯನ್ನು ಸೊನ್ನೆ ಎಂದು ಬರೆದುಕೊಳ್ಳಿ ಎಂದಷ್ಟೇ ನನ್ನ ಮಾತು. ಹಾಗೆ ಬರೆದರೆ ಒಂದು ಗಬ್ಬದ ಬೆಲೆ ಫ್ಲಾರಿಡಾಕ್ಕಿಂತ ಚಿಂತಾಮಣಿಯಲ್ಲಿ, ಹಸುವಿನ ಒಟ್ಟು ಬೆಲೆಗೆ ಹೋಲಿಸಿದರೆ, ಹೆಚ್ಚೇ.

ಎಲ್ಲ ಹಸುವಿಗೂ 12 ತಿಂಗಳೇ ಸರಿಯೆಂದೇನಿಲ್ಲ. ಇಸ್ರೇಲ್‌ನಲ್ಲಿ, ಡೆನ್ಮಾರ್ಕ್‌ನಲ್ಲಿ ಹೆಚ್ಚು ಹಾಲಿನ ಹಸುಗಳಿಗೆ ಬೇಕೆಂದೇ ತಡವಾಗಿ ಸೆಮೆನ್ ಹಾಕಿ ನೋಡಿದ್ದಾರೆ, ನಷ್ಟವಾಗಿಲ್ಲ. ಆ ಹಸುಗಳು ಹತ್ತನೇ ತಿಂಗಳಲ್ಲೂ 25 ಲೀಟರ್ ಕೊಡಬಲ್ಲವು. ನಾಲ್ಕೂವರೆಗೆ ಇಳಿದದ್ದಕ್ಕೆ ಆ ನೆಪ ಹೊಂದುವುದಿಲ್ಲ.

ಇನ್ನು ಕ್ಯಾಲ್ಸಿಯಂ ಟಾನಿಕ್ಕು. ಐದು ಲೀಟರ್ ಕ್ಯಾನು, ಮೇಲೆ ಗುಂಡುಗುಂಡಾದ ಕಪ್ಪುಬಿಳಿ ಹಸುವಿನ ಚಿತ್ರ. ಗಬ್ಬ ನಿಲ್ಲಲಿಲ್ಲ ಎಂದರೆ ಅದು, ಹಾಲಿಳಿಯಿತು ಎಂದರೆ ಅದು, ಹಸು ಬಡವಾಯಿತು ಎಂದರೂ ಅದೇ. ಮೆಡಿಕಲ್ ಸ್ಟೋರಿನವನು ಹಸುವನ್ನು ನೋಡಿಲ್ಲ, ನೋಡುವುದೂ ಇಲ್ಲ, ಆದರೂ ಕ್ಯಾನು ಎತ್ತಿ ಕೊಡುತ್ತಾನೆ. ಈದ ಹೊತ್ತಿನ ಒಂದೆರಡು ದಿನ ಬಾಯಿಗೆ ಕೊಡುವ ಕ್ಯಾಲ್ಸಿಯಂಗೆ ಅರ್ಥವಿದೆ, ಹಾಲುಜ್ವರ ತಪ್ಪಿಸಲು ಅದು ಬೇಕು. ತಿಂಗಳುಗಟ್ಟಲೆ ಹುಯ್ಯುವುದಕ್ಕಿಲ್ಲ. ಬತ್ತಿಸಿದ ಕಾಲದಲ್ಲಿ ಬಲ ಬರಲಿ ಎಂದು ಹುಯ್ದರೆ ಕೆಲಸ ತಿರುಗುಮುರುಗು: ಮೇವಿನಲ್ಲೇ ಧಾರಾಳ ಸಿಕ್ಕಾಗ ಮೈ ತನ್ನ ಮೂಳೆಯಿಂದ ಕ್ಯಾಲ್ಸಿಯಂ ತೆಗೆಯುವ ರೂಢಿ ಬಿಡುತ್ತದೆ, ಈದ ದಿನ ಕೆಚ್ಚಲಿಗೆ ಒಮ್ಮೆಗೇ ಬೇಕಾದಾಗ ಹಸು ನೆಲ ಹಿಡಿಯುತ್ತದೆ. ಗಬ್ಬಕ್ಕೆ ಬೇಕಾದ್ದು ರಂಜಕ, ತಾಮ್ರ, ಸತುವು, ಕೋಬಾಲ್ಟ್ ಎಲ್ಲ ಇರುವ ಖನಿಜ ಮಿಶ್ರಣ. ಯಾವ ಸೀಮೆಯ ಮೇವಿನಲ್ಲಿ ಯಾವುದು ಕಡಿಮೆ ಎಂದು ನೋಡಿ ಅದಕ್ಕೆ ತಕ್ಕ ಮಿಶ್ರಣ ರೂಪಿಸುವ ಕೆಲಸ ಬೆಂಗಳೂರಿನ ಆಡುಗೋಡಿಯ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯಲ್ಲಿ ಆಗಿದೆ. ದಿನಕ್ಕೆ 50 ಗ್ರಾಂ ಸಾಕು. ಅದರ ಪ್ಯಾಕೆಟ್ಟಿನ ಮೇಲೆ ಅಷ್ಟು ಚೆಂದದ ಹಸು ಇರುವುದಿಲ್ಲ, ಅದೇ ಅದರ ತೊಂದರೆ.

ಮೇವು, ಔಷಧಿ ಎಲ್ಲ ಸರಿಯಿದ್ದೂ ದುಡ್ಡು ಸೋರುವುದು ಕಣ್ಣು ತಪ್ಪುವುದರಿಂದ. ಕಟ್ಟಿದ ಹಸು ಇನ್ನೊಂದರ ಮೇಲೆ ಹತ್ತಿ ಬೆದೆ ತೋರಿಸಲಾರದು. ಲೋಳೆ ಸೋರುತ್ತದೆಯೇ, ಕೂಗುತ್ತದೆಯೇ, ಒಂದು ಹೊತ್ತಿನ ಹಾಲು ಸುಮ್ಮನೆ ಕಡಿಮೆಯಾಯಿತೇ ಎಂದು ನೋಡಬೇಕು. ಬೆಳಕು ಹರಿಯುವ ಮುಂಚೆ ಒಮ್ಮೆ, ಮಲಗುವ ಮುಂಚೆ ಒಮ್ಮೆ. ಸೀರಿಯಲ್ ನಡುವಿನ ಜಾಹೀರಾತಿನ ಹೊತ್ತು ಸಾಕು. ಬೆಳಿಗ್ಗೆ ಕಂಡರೆ ಸಂಜೆ ಸೆಮೆನ್, ಸಂಜೆ ಕಂಡರೆ ಮರುದಿನ ಬೆಳಿಗ್ಗೆ. ಈ ನಿಯಮ 1948ರಷ್ಟು ಹಳೆಯದು, ನೆಬ್ರಾಸ್ಕಾದ ಟ್ರಿಂಬರ್ಗರ್ ಎಂಬ ವಿಜ್ಞಾನಿಯ ಕೆಲಸದಿಂದ ಬಂದದ್ದು. ಇವತ್ತಿಗೂ ನಮ್ಮೂರಿನಲ್ಲಿ "ಹೆಂಗೂ ಡೇರಿಗೆ ಬರ್ತಾನೆ" ಎಂದು ಕಂಡ ಕೂಡಲೇ ಹಾಕಿಸುತ್ತಾರೆ, ಇಲ್ಲವೇ ಸೆಮೆನ್ ಹಾಕುವವನು ಬಿಡುವಾಗಿ ಬಂದಾಗ. ಹಾಕಿಸಿದ ಮೇಲೆ ತಿರುಗಲಿಲ್ಲ ಎಂದರೆ ನಿಂತಿದೆ ಎಂದೇ ನಂಬಿಕೆ. ಎರಡು ಮೂರು ತಿಂಗಳಿಗೆ ಡಾಕ್ಟರಿಂದ ಕೈ ಹಾಕಿಸಿ ನೋಡದೆ ಆರನೇ ತಿಂಗಳಲ್ಲಿ ಹೊಟ್ಟೆ ಬರಲಿಲ್ಲವಲ್ಲ ಎಂದು ಎಚ್ಚರಾಗುವ ಮನೆಗಳನ್ನು ನಾನು ಬಲ್ಲೆ. ಡೇರಿಯ ಬಟವಾಡೆ ಚೀಟಿಯನ್ನು ಪೈಸೆಯವರೆಗೆ ನೋಡುವ ಜನ, ಹಸು ಬೆದೆಗೆ ಬಂದ ತಾರೀಕನ್ನು ಕ್ಯಾಲೆಂಡರಿನಲ್ಲಿ ಗೀಚುವುದಿಲ್ಲ.

ಈಗ ಅಣ್ಣನ ಕೊಟ್ಟಿಗೆಯಲ್ಲಿ ಕೆಂಪು ಜರ್ಸಿ ಒಂದಿದೆ, ಮೂರು ಸಲ ಸೆಮೆನ್ ಹಾಕಿಸಿದರೂ ತಿರುಗಿದೆ. ಇನ್ನೂ 9 ಲೀಟರ್ ಕೊಡುತ್ತದೆ, 40,000ಕ್ಕೆ ಕೇಳಿದ್ದಾರೆ. ಅತ್ತಿಗೆಗೆ ಅದರ ಮೇಲೆ ಮಮತೆ, ಮಾರಲು ಮನಸ್ಸಿಲ್ಲ. ಮೊದಲು ಡಾಕ್ಟರಿಗೆ ತೋರಿಸಿ, ಗರ್ಭಕೋಶದಲ್ಲಿ ಸೋಂಕಿದ್ದರೆ ಚಿಕಿತ್ಸೆ ಕೊಡಿಸಿ, ಇನ್ನೊಂದು ಬೆದೆ ನೋಡಿ, ಅದಕ್ಕೂ ನಿಲ್ಲದಿದ್ದರೆ ಹಾಲಿರುವಾಗಲೇ ಕೊಟ್ಟುಬಿಡಿ ಎಂದಿದ್ದೇನೆ. ಕೊಳ್ಳುವವರಿಗೆ ಇದ್ದದ್ದನ್ನು ಹೇಳಿಯೇ ಕೊಡಬೇಕು. ಹೇಳಿದರೆ ಬೆಲೆ 30,000ಕ್ಕೆ ಇಳಿಯುತ್ತದೆ ಎಂಬುದು ಅಣ್ಣನ ಸಂಕಟ. ಇಳಿಯಲಿ. ಆ 10,000 ಎಂದರೆ 154ರ ಲೆಕ್ಕದಲ್ಲಿ 65 ದಿನ. ಮಾರದೆ ಮೂರು ಬೆದೆ ಕಾದರೂ ಅಷ್ಟೇ ಹೋಗುತ್ತದೆ.