ಸಂಬಳ ಮೊದಲು ನಿಮ್ಮ ಕೈಗೆ ಸೇರಲಿ

ಬ್ರಿಟನ್ನಿಗೆ ಓದಲು ಬಂದು ಇಲ್ಲೇ ಉಳಿದವರೇ, ಆಸ್ಪತ್ರೆ, ಕೇರ್ ಹೋಮ್, ಐಟಿ ಕಂಪನಿ ಎಂದು ದುಡಿಯಲು ಬಂದವರೇ, ಈ ಮಾತು ನಿಮ್ಮಲ್ಲಿ ಕೆಲವರಿಗಾದರೂ ಬೇಕಾಗಿದೆ ಎಂದು ನನಗೆ ಗೊತ್ತು. ಯುಗಾದಿ ಕೂಟದಲ್ಲಿ ಹೋಳಿಗೆ ತಿನ್ನುವಾಗ ಯಾರೂ ಬಾಯಿ ಬಿಡುವುದಿಲ್ಲ. ಊರಿಗೆ ಫೋನ್ ಮಾಡಿದರೂ “ಎಲ್ಲ ಆರಾಮ, ಅಮ್ಮ” ಎಂದು ಇಟ್ಟುಬಿಡುತ್ತೀರಿ. ಅದೇ ಫೋನಿನಲ್ಲಿ ಪೇಡೇ ಲೋನಿನ ಮೂರು ಆ್ಯಪ್ ಇರುತ್ತವೆ. ಒಂದರ ಸಾಲ ತೀರಿಸಲು ಇನ್ನೊಂದು, ಅದನ್ನು ತೀರಿಸಲು ಮತ್ತೊಂದು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಿತ್ತು ಎಂದು ಹೇಳಲು ನಾನು ಕೂತಿಲ್ಲ. ಆ ಮಾತನ್ನು ನಿಮಗೆ ನೀವೇ ಸಾಕಷ್ಟು ಸಲ ಹೇಳಿಕೊಂಡಿದ್ದೀರಿ. ಸಾಲ ಕೈಮೀರಿದೆ, ಸಲಹೆಗಾರರ ಮೂಲಕ ಡಿಎಂಪಿಯೋ (ಡೆಟ್ ಮ್ಯಾನೇಜ್‌ಮೆಂಟ್ ಪ್ಲಾನ್) ಐವಿಎಯೋ (ಇಂಡಿವಿಜುಯಲ್ ವಾಲಂಟರಿ ಅರೇಂಜ್‌ಮೆಂಟ್) ಮಾಡಿಕೊಳ್ಳೋಣ ಎಂದು ತೀರ್ಮಾನಿಸಿದ್ದೀರಿ. ಒಳ್ಳೆಯದೇ. ಆದರೆ ಅದಕ್ಕೂ ಮುಂಚೆ ಮಾಡಬೇಕಾದ ಒಂದು ಕೆಲಸವನ್ನು ಬಹಳ ಜನ ಮರೆಯುತ್ತಾರೆ. ನಿಮ್ಮ ಮುಂದಿನ ಸಂಬಳ ಸಾಲ ಕೊಟ್ಟವರ ಕೈಗೆ ಎಟುಕದ ಖಾತೆಗೆ ಬಂದು ಬೀಳಬೇಕು. ಮಿಕ್ಕಿದ್ದೆಲ್ಲ ಆಮೇಲೆ.

ಯಾಕೆ ಅಂತೀರಾ? ಸಾಲ ತೆಗೆದುಕೊಳ್ಳುವಾಗ ನಿಮ್ಮ ಡೆಬಿಟ್ ಕಾರ್ಡಿನ ಹದಿನಾರು ಅಂಕಿ ಕೊಟ್ಟಿದ್ದಿರಲ್ಲ, ಅದರ ಜೊತೆಗೇ ಕಂಟಿನ್ಯುಯಸ್ ಪೇಮೆಂಟ್ ಅಥಾರಿಟಿ ಎಂಬುದಕ್ಕೂ ಒಪ್ಪಿಗೆ ಕೊಟ್ಟಿದ್ದೀರಿ. ಸಿಪಿಎ ಎನ್ನುತ್ತಾರೆ. ಇದು ಡೈರೆಕ್ಟ್ ಡೆಬಿಟ್ ಅಲ್ಲ. ಡೈರೆಕ್ಟ್ ಡೆಬಿಟ್ ನಡೆಯುವುದು ಸಾರ್ಟ್ ಕೋಡ್ ಮತ್ತು ಖಾತೆ ಸಂಖ್ಯೆಯ ಮೇಲೆ, ಸಿಪಿಎ ನಡೆಯುವುದು ಕಾರ್ಡಿನ ಮೇಲೆ. ಬ್ಯಾಂಕಿನ ಆ್ಯಪ್ ತೆರೆದು ಡೈರೆಕ್ಟ್ ಡೆಬಿಟ್ ಪಟ್ಟಿ ನೋಡಿ, “ಇಲ್ಲಿ ಏನೂ ಇಲ್ಲವಲ್ಲ” ಎಂದು ನಿರಾಳವಾಗಿ ಮಲಗುತ್ತೀರಿ. ಸಂಬಳ ಬಿದ್ದ ಬೆಳಗಿನ ಜಾವ, ನೀವು ಏಳುವ ಮೊದಲೇ, ಹಣ ಹೊರಟು ಹೋಗಿರುತ್ತದೆ. ಬಾಡಿಗೆಗೆ ಇಟ್ಟಿದ್ದೂ ಅದರಲ್ಲೇ ಹೋಯಿತು, ಬಸ್ ಪಾಸಿಗೆ ಇಟ್ಟಿದ್ದೂ ಹೋಯಿತು.

ಕಾನೂನು ಸಾಲ ಕೊಡುವ ಈ ಕಂಪನಿಗಳಿಗೆ ಮೂಗುದಾರ ಹಾಕಿಲ್ಲ ಎಂದಲ್ಲ. 2014ರ ಜುಲೈನಿಂದ, ಹಣ ಎಳೆಯುವ ಯತ್ನ ಎರಡು ಸಲ ವಿಫಲವಾದರೆ ಪೇಡೇ ಕಂಪನಿ ಅಲ್ಲಿಗೇ ನಿಲ್ಲಿಸಬೇಕು. 2015ರ ಜನವರಿ 2ರಿಂದ ಬಡ್ಡಿ ಮತ್ತು ಶುಲ್ಕ ಸೇರಿ ದಿನಕ್ಕೆ ಶೇಕಡಾ 0.8 ಮೀರುವಂತಿಲ್ಲ, ತಪ್ಪಿದ ಕಂತಿನ ದಂಡ 15 ಪೌಂಡ್ ದಾಟುವಂತಿಲ್ಲ, ಒಟ್ಟು ಬಡ್ಡಿ ಮತ್ತು ದಂಡ ನೀವು ಪಡೆದ ಅಸಲನ್ನು ಮೀರುವಂತಿಲ್ಲ. ಅಂದರೆ 200 ಪೌಂಡ್ ತಂದರೆ ಮೂವತ್ತು ದಿನಕ್ಕೆ 48 ಪೌಂಡ್ ಬಡ್ಡಿ, ಎಷ್ಟೇ ಎಳೆದಾಡಿದರೂ ಒಟ್ಟು 400 ಪೌಂಡಿನ ಒಳಗೇ. “ಸಾವಿರ ಪೌಂಡ್ ಆಗಿದೆ” ಎಂದು ಯಾರಾದರೂ ಹೆದರಿಸಿದರೆ ಈ ಲೆಕ್ಕ ಎದುರಿಗಿಡಿ. ಆದರೂ ಮೊದಲನೇ ಯತ್ನದಲ್ಲೇ ನಿಮ್ಮ ಸಂಬಳ ಸಿಕ್ಕಿಬಿಟ್ಟರೆ ಎರಡರ ಮಿತಿ ಕಟ್ಟಿಕೊಂಡು ಏನು ಮಾಡುತ್ತೀರಿ?

ಹಾಗಾಗಿ ಬ್ಯಾಂಕಿಗೆ ಫೋನ್ ಮಾಡಿಯೋ ಹೋಗಿಯೋ ಸಿಪಿಎ ರದ್ದು ಮಾಡಿಸಿ. ಹಣ ಹೋಗಬೇಕಾದ ದಿನಕ್ಕೆ ಕಡೇಪಕ್ಷ ಒಂದು ಕೆಲಸದ ದಿನ ಮುಂಚೆ ಹೇಳಬೇಕು. “ಇಂಥ ಕಂಪನಿಗೆ ಕೊಟ್ಟಿದ್ದ ಸಿಪಿಎ ಹಿಂಪಡೆದಿದ್ದೇನೆ, ಇನ್ನು ಮುಂದೆ ಅವರಿಗೆ ಹೋಗುವ ಯಾವ ಪಾವತಿಗೂ ನನ್ನ ಒಪ್ಪಿಗೆ ಇಲ್ಲ” ಎಂಬ ಅರ್ಥದ ಒಂದೇ ಮಾತು ಸಾಕು. ಕೌಂಟರಿನಲ್ಲಿ ಕೂತ ಹುಡುಗ “ಮೊದಲು ಸಾಲ ಕೊಟ್ಟವರನ್ನೇ ಕೇಳಿ” ಎಂದು ಸಾಗಹಾಕಲು ನೋಡಬಹುದು. ತಲೆಯಾಡಿಸಿ ಬರಬೇಡಿ. ಬ್ಯಾಂಕಿಗೆ ಹೇಳಿ ನಿಲ್ಲಿಸುವುದು ನಿಮ್ಮ ಹಕ್ಕು, ಸಾಲ ಕೊಟ್ಟವರ ಅಪ್ಪಣೆ ಬೇಕಿಲ್ಲ. ನೀವು ಹೇಳಿದ ಮೇಲೂ ಬ್ಯಾಂಕು ಹಣ ಬಿಟ್ಟರೆ ಅದನ್ನು ಬ್ಯಾಂಕೇ ವಾಪಸ್ ಕಟ್ಟಿಕೊಡಬೇಕು. ಮಾತಾಡಿದವರ ಹೆಸರು, ದಿನ, ಗಂಟೆ ಬರೆದಿಟ್ಟುಕೊಳ್ಳಿ. ಅದೇ ಮಾತನ್ನು ಆ್ಯಪ್‌ನ ಮೆಸೇಜಿನಲ್ಲೂ ಹಾಕಿಬಿಡಿ. ಸಾಲ ಕೊಟ್ಟ ಕಂಪನಿಗೂ ಒಂದು ಇಮೇಲ್ ಹೋಗಲಿ. ಕದ್ದುಮುಚ್ಚಿ ಮಾಡುವ ಕೆಲಸವೇನಲ್ಲ ಇದು.

ಕಾರ್ಡ್ ಬದಲಿಸಿದರೆ ಸಾಕು ಎಂದು ಯಾರೋ ಹೇಳಿದ್ದನ್ನು ನಂಬಬೇಡಿ. ಕೇರ್ ಹೋಮ್ ಒಂದರಲ್ಲಿ ದುಡಿಯುವ ಹಾಸನದ ಕಡೆಯ ಹುಡುಗಿಯೊಬ್ಬಳು ಕಾರ್ಡ್ ಕಳೆದುಹೋಯಿತು ಎಂದು ಹೇಳಿ ಹೊಸದು ತರಿಸಿಕೊಂಡಳು. ಬ್ಯಾಂಕುಗಳು ಹೊಸ ಕಾರ್ಡಿನ ವಿವರವನ್ನು ಹಣ ಪಡೆಯುವ ಕಂಪನಿಗಳಿಗೆ ತಾವಾಗಿಯೇ ಮುಟ್ಟಿಸುವ ಏರ್ಪಾಡು ಇದೆ, ನಿಮ್ಮ ಸಿನಿಮಾ ಚಂದಾ ನಿಲ್ಲದಿರಲಿ ಎಂದು. ಪೇಡೇ ಕಂಪನಿಗೂ ಅದೇ ದಾರಿ ಸಿಕ್ಕಿತು. ಸಾಲದ್ದಕ್ಕೆ ಇಲ್ಲದ ಸುಳ್ಳು ಹೇಳಿದ ಮುಜುಗರ ಬೇರೆ. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಂಡರೆ ಹೀಗೇ.

ಇನ್ನು ಖಾತೆಯ ವಿಷಯ. ನಿಮ್ಮ ಓವರ್‌ಡ್ರಾಫ್ಟು, ಕ್ರೆಡಿಟ್ ಕಾರ್ಡು, ಸಂಬಳ, ಮೂರೂ ಒಂದೇ ಬ್ಯಾಂಕಿನಲ್ಲಿವೆಯೇ? ಹಾಗಿದ್ದರೆ ಬಾಕಿ ಬಿದ್ದ ಕಾರ್ಡಿನ ಕಂತನ್ನು ಬ್ಯಾಂಕು ನಿಮ್ಮ ಸಂಬಳದ ಖಾತೆಯಿಂದ ತಾನೇ ತೆಗೆದುಕೊಳ್ಳಬಹುದು. ಅದಕ್ಕೆ ರೈಟ್ ಆಫ್ ಸೆಟ್ ಆಫ್ ಎನ್ನುತ್ತಾರೆ, ಕಾನೂನುಬದ್ಧವೇ. ಬೇಲಿಯೇ ಎದ್ದು ಹೊಲ ಮೇಯ್ದಂತೆ ಅನ್ನಿಸುತ್ತದೆ, ಆದರೆ ಸಹಿ ಹಾಕಿದ ಷರತ್ತಿನಲ್ಲಿ ಅದು ಇದ್ದೇ ಇರುತ್ತದೆ. ಓವರ್‌ಡ್ರಾಫ್ಟ್ ಇದ್ದರಂತೂ ಸಂಬಳ ಮೊದಲು ಆ ಗುಂಡಿಯನ್ನೇ ತುಂಬುತ್ತದೆ.

ಆದ್ದರಿಂದ ನಿಮಗೆ ಒಂದು ಪೈಸೆಯ ಸಾಲವೂ ಇಲ್ಲದ ಬ್ಯಾಂಕಿನಲ್ಲಿ ಹೊಸ ಖಾತೆ ತೆರೆಯಿರಿ. ಬ್ಯಾಂಕಿನ ಹೆಸರು ಬೇರೆ ಇದ್ದ ಮಾತ್ರಕ್ಕೆ ಬೇರೆ ಬ್ಯಾಂಕ್ ಆಗುವುದಿಲ್ಲ. ಲಾಯ್ಡ್ಸ್, ಹ್ಯಾಲಿಫ್ಯಾಕ್ಸ್, ಬ್ಯಾಂಕ್ ಆಫ್ ಸ್ಕಾಟ್ಲೆಂಡ್ ಒಂದೇ ಮನೆಯವು. ನ್ಯಾಟ್‌ವೆಸ್ಟ್ ಮತ್ತು ಆರ್‌ಬಿಎಸ್ ಒಂದು ಮನೆ. ಎಚ್‌ಎಸ್‌ಬಿಸಿ ಮತ್ತು ಫಸ್ಟ್ ಡೈರೆಕ್ಟ್ ಇನ್ನೊಂದು. ಕ್ರೆಡಿಟ್ ಸ್ಕೋರ್ ನೆಲಕಚ್ಚಿದೆ, ಯಾರು ಖಾತೆ ಕೊಡುತ್ತಾರೆ ಎಂದು ಅಂಜಬೇಡಿ. ಬೇಸಿಕ್ ಬ್ಯಾಂಕ್ ಅಕೌಂಟ್ ಎಂದು ಕೇಳಿ. ಶುಲ್ಕವಿಲ್ಲ, ಓವರ್‌ಡ್ರಾಫ್ಟ್ ಇಲ್ಲ. ಇಲ್ಲಿನ ದೊಡ್ಡ ಬ್ಯಾಂಕುಗಳು ಇದನ್ನು ಕೊಡಲೇಬೇಕೆಂಬ ನಿಯಮವಿದೆ, ಸಾಲದ ಇತಿಹಾಸ ಕೆಟ್ಟಿದೆ ಎಂಬುದೊಂದೇ ಕಾರಣಕ್ಕೆ ಬಾಗಿಲು ಹಾಕುವಂತಿಲ್ಲ. ಓವರ್‌ಡ್ರಾಫ್ಟ್ ಇಲ್ಲ ಎಂದು ಮುಖ ಸಿಂಡರಿಸಬೇಡಿ. ನಿಮಗೆ ಈಗ ಬೇಡವಾದದ್ದೇ ಅದು.

ಇಲ್ಲೊಂದು ಎಡವಟ್ಟು ಬಹಳ ಜನ ಮಾಡುತ್ತಾರೆ. ಏಳು ಕೆಲಸದ ದಿನದಲ್ಲಿ ಖಾತೆಯನ್ನು ಇಡಿಯಾಗಿ ಬದಲಿಸಿಕೊಡುವ ಸ್ವಿಚ್ ಸರ್ವೀಸ್ ಇದೆ. ಸಲೀಸು ಎಂದು ಅದನ್ನು ಒತ್ತಿಬಿಡುತ್ತಾರೆ. ಅದು ಹಳೆಯ ಡೈರೆಕ್ಟ್ ಡೆಬಿಟ್‌ಗಳನ್ನೆಲ್ಲ ಹೊತ್ತುಕೊಂಡೇ ಬರುತ್ತದೆ, ಹಳೆಯ ಖಾತೆಗೆ ಬಂದದ್ದನ್ನೆಲ್ಲ ಮೂರು ವರ್ಷ ಹೊಸದಕ್ಕೆ ತಿರುಗಿಸುತ್ತದೆ. ಯಾರಿಂದ ದೂರ ಹೋಗಬೇಕೆಂದು ಮನೆ ಬದಲಿಸಿದಿರೋ ಅವರಿಗೇ ಹೊಸ ವಿಳಾಸ ಕೊಟ್ಟಂತೆ. ನಿಮ್ಮ ಕೈಯಾರೆ ಒಂದೊಂದನ್ನೇ ಸಾಗಿಸಿ. ಬಾಡಿಗೆ, ಕೌನ್ಸಿಲ್ ಟ್ಯಾಕ್ಸ್, ಗ್ಯಾಸು, ಕರೆಂಟು, ನೀರು, ಫೋನು, ಇವು ಹೊಸ ಖಾತೆಗೆ. ಪೇಡೇ ಲೋನು, ಕ್ರೆಡಿಟ್ ಕಾರ್ಡು ಹಳೆಯದರಲ್ಲೇ ಇರಲಿ. ಹೊಸ ಕಾರ್ಡಿನ ನಂಬರನ್ನು ಯಾವ ಸಾಲದ ಆ್ಯಪ್‌ಗೂ ಕೊಡಕೂಡದು, “ಒಂದು ಪೌಂಡ್ ಕಟ್ಟಿ, ಖಾತೆ ಖಚಿತಪಡಿಸುತ್ತೇವೆ” ಎಂದರೂ ಕೊಡಕೂಡದು.

ಮುಖ್ಯವಾದದ್ದು ಹೊತ್ತು. ಸಂಬಳ 28ಕ್ಕೆ ಬಂದರೂ ಪೇರೋಲ್ ಪಟ್ಟಿ ಅದಕ್ಕೆ ಬಹಳ ಮುಂಚೆಯೇ ಮುಚ್ಚಿರುತ್ತದೆ. 25ಕ್ಕೆ ಹೋಗಿ ಎಚ್‌ಆರ್ ಮುಂದೆ ಕೈಕಟ್ಟಿ ನಿಂತರೆ “ಮುಂದಿನ ತಿಂಗಳು” ಎನ್ನುತ್ತಾರೆ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಏನು ಬಂತು? ತಿಂಗಳ ಮೊದಲ ವಾರದಲ್ಲೇ ಹೊಸ ಖಾತೆಯ ವಿವರ ಕೊಟ್ಟುಬಿಡಿ. ಹಳೆಯ ಖಾತೆಯ ಸ್ಟೇಟ್‌ಮೆಂಟುಗಳನ್ನು ಇಳಿಸಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತವೆ.

ಈಗ ಸಲಹೆಗಾರರ ಹತ್ತಿರ ಹೋಗಿ. ಸ್ಟೆಪ್‌ಚೇಂಜ್, ನ್ಯಾಷನಲ್ ಡೆಟ್‌ಲೈನ್, ಸಿಟಿಜನ್ಸ್ ಅಡ್ವೈಸ್, ಇವರು ಒಂದು ಪೆನ್ನಿಯೂ ತೆಗೆದುಕೊಳ್ಳುವುದಿಲ್ಲ. ಫೇಸ್‌ಬುಕ್ಕಿನಲ್ಲಿ “ಸರ್ಕಾರದ ಯೋಜನೆಯಡಿ ನಿಮ್ಮ ಸಾಲದ ಮುಕ್ಕಾಲು ಭಾಗ ಮನ್ನಾ” ಎಂದು ಬರುವ ಜಾಹೀರಾತು ಒತ್ತಬೇಡಿ, ನನ್ನಾಣೆ. ಜನರನ್ನು ಐವಿಎಗೆ ತಳ್ಳಿ ಕಮಿಷನ್ ಹೊಡೆಯುವ ದಂಧೆ ಎಷ್ಟು ಬೆಳೆಯಿತೆಂದರೆ, 2023ರಲ್ಲಿ ಹಣಕಾಸು ನಿಯಂತ್ರಕರೇ ತಮ್ಮಡಿ ಇದ್ದ ಇಂಥ ಕಂಪನಿಗಳ ಕಮಿಷನ್ ನಿಷೇಧಿಸಬೇಕಾಯಿತು.

ಇಂಗ್ಲೆಂಡ್, ವೇಲ್ಸ್‌ನಲ್ಲಿ ಇರುವವರು ಮೊದಲು ಬ್ರೀದಿಂಗ್ ಸ್ಪೇಸ್ ಕೇಳಿ. 2021ರ ಮೇ 4ರಿಂದ ಇದೆ. ಸಲಹೆಗಾರರೇ ಅರ್ಜಿ ಹಾಕಬೇಕು. ಸಿಕ್ಕರೆ 60 ದಿನ ಬಹುಪಾಲು ಸಾಲಗಳ ಬಡ್ಡಿ, ದಂಡ ನಿಲ್ಲುತ್ತವೆ, ವಸೂಲಿಯ ಕರೆಗಳೂ ನಿಲ್ಲುತ್ತವೆ. ಆ ದಿನಗಳಲ್ಲಿ ಬಾಡಿಗೆ, ಕರೆಂಟಿನಂಥ ಬಿಲ್ಲುಗಳನ್ನು ಮಾತ್ರ ತಪ್ಪದೆ ಕಟ್ಟಬೇಕು, ಇಲ್ಲದಿದ್ದರೆ ರಕ್ಷಣೆ ಕೈತಪ್ಪಬಹುದು. ಸ್ಕಾಟ್ಲೆಂಡಿನವರಿಗೆ ಕಾನೂನೇ ಬೇರೆ. ಅಲ್ಲಿ ಆರು ತಿಂಗಳ ಮೊರಟೋರಿಯಂ, ಆಮೇಲೆ ಡೆಟ್ ಅರೇಂಜ್‌ಮೆಂಟ್ ಸ್ಕೀಮ್. ಗ್ಲಾಸ್ಗೋದಲ್ಲಿದ್ದುಕೊಂಡು ಲಂಡನ್ನಿನ ಗೆಳೆಯನ ಸಲಹೆ ಕೇಳಬೇಡಿ.

ಆಮೇಲೆ ಯಾವ ದಾರಿ ಎಂಬುದು ನಿಮ್ಮ ಲೆಕ್ಕದ ಮೇಲಿದೆ. ಡಿಎಂಪಿ ಎಂದರೆ ಮಾತುಕತೆಯ ಒಪ್ಪಂದ, ಕೋರ್ಟಿನ ಕಟ್ಟುಪಾಡಿಲ್ಲ, ಸಾಲ ಪೂರ್ತಿ ತೀರಬೇಕು. ಐವಿಎ ಹಾಗಲ್ಲ. ಮತ ಹಾಕುವ ಸಾಲ ಕೊಟ್ಟವರಲ್ಲಿ ಮೊತ್ತದ ಲೆಕ್ಕದಲ್ಲಿ ಶೇಕಡಾ 75ರಷ್ಟು ಒಪ್ಪಿದರೆ ಎಲ್ಲರನ್ನೂ ಕಟ್ಟಿಹಾಕುತ್ತದೆ, ಸಾಮಾನ್ಯವಾಗಿ ಐದಾರು ವರ್ಷ ನಡೆಯುತ್ತದೆ, ಹೆಸರು ಸಾರ್ವಜನಿಕ ರಿಜಿಸ್ಟರಿಗೆ ಏರುತ್ತದೆ. ಕೆಲಸದ ಕರಾರಿನಲ್ಲಿ ಅದಕ್ಕೆ ಅಡ್ಡಿ ಇದೆಯೇ ಎಂದು ಓದಿಕೊಳ್ಳಿ, ಬ್ಯಾಂಕು, ಅಕೌಂಟ್ಸ್ ಕೆಲಸದವರಂತೂ ಖಂಡಿತ. ಆದಾಯ ತೀರಾ ಕಡಿಮೆ, ಆಸ್ತಿ ಇಲ್ಲ ಎಂದಾದರೆ ಡೆಟ್ ರಿಲೀಫ್ ಆರ್ಡರ್. ಇಂಗ್ಲೆಂಡ್, ವೇಲ್ಸ್‌ನಲ್ಲಿ ಅದರ 90 ಪೌಂಡ್ ಶುಲ್ಕವನ್ನು 2024ರ ಏಪ್ರಿಲ್‌ನಲ್ಲಿ ತೆಗೆದರು, ಸಾಲದ ಮಿತಿಯನ್ನು ಅದೇ ವರ್ಷದ ಜೂನ್ 28ರಿಂದ 50,000 ಪೌಂಡಿಗೆ ಏರಿಸಿದರು.

ಈ ಮಧ್ಯದ ದಿನಗಳಲ್ಲಿ ಬೇಡದ ಜಾಣತನ ಮಾಡಬೇಡಿ. “ಹೇಗೂ ಐವಿಎ ಆಗುತ್ತದೆ, ಕಾರ್ಡಿನಲ್ಲಿ ಟಿಕೆಟ್ ಮಾಡಿ ಊರಿಗೆ ಹೋಗಿ ಬರೋಣ” ಎಂಬ ಯೋಚನೆ ಬಂದರೆ ಕಿವಿ ಹಿಂಡಿಕೊಳ್ಳಿ. ತೀರಿಸಲಾಗದು ಎಂದು ತಿಳಿದೂ ಮಾಡಿದ ಸಾಲವನ್ನು ಯಾರೂ ಹಗುರವಾಗಿ ನೋಡುವುದಿಲ್ಲ. ಹಾಗೆಯೇ ಭಾವನಿಗೆ ಕೊಡಬೇಕಾದ್ದನ್ನು ಮೊದಲು ಕೊಟ್ಟು ಮಿಕ್ಕವರಿಗೆ ಕೈ ಎತ್ತಬೇಡಿ. ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ ಮಾಡಿದರೆ ಮುಂದೆ ದಿವಾಳಿಯ ಹಂತ ಬಂದಾಗ ಹತ್ತಿರದ ನೆಂಟರಿಗೆ ಕೊಟ್ಟ ಹಣವನ್ನು ಎರಡು ವರ್ಷ ಹಿಂದಕ್ಕೂ ಕೆದಕಿ ನೋಡುತ್ತಾರೆ. ಪಾಪ, ಭಾವನೂ ಸಿಕ್ಕಿಬೀಳುತ್ತಾನೆ.

ಕಾಗದ ಬಂದರೆ ಒಡೆದು ಓದಿ. ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿದಂತೆ ಲಕೋಟೆಗಳನ್ನು ಡ್ರಾಯರಿಗೆ ತುರುಕಬೇಡಿ. ಕೌಂಟಿ ಕೋರ್ಟಿನ ಕ್ಲೇಮ್ ಫಾರಂ ಬಂದರೆ ಉತ್ತರ ಕೊಡಲು ಇರುವುದು 14 ದಿನ. ಬಾಡಿಗೆ ಮತ್ತು ಕೌನ್ಸಿಲ್ ಟ್ಯಾಕ್ಸಿನ ಬಾಕಿ ಪೇಡೇ ಸಾಲಕ್ಕಿಂತ ಮುಂಚೆ. ಪೇಡೇ ಕಂಪನಿಯವರು ಎಷ್ಟೇ ಕೂಗಾಡಲಿ, ನಿಮ್ಮನ್ನು ಮನೆಯಿಂದ ಹೊರಹಾಕಬಲ್ಲವನು ಬಾಡಿಗೆ ಮನೆಯ ಯಜಮಾನ. ಕೂಗುವವರಿಗೆ ಮೊದಲು ಕೊಟ್ಟು ಸುಮ್ಮನಿರುವವರನ್ನು ಮರೆಯುವುದು ನಮ್ಮವರ ಹಳೇ ಚಾಳಿ. ಸಾಲ ತೀರಿಸುವ ಶಕ್ತಿ ಇಲ್ಲ ಎಂದು ಕಂಡೂ ಮೇಲಿಂದ ಮೇಲೆ ಸಾಲ ಕೊಟ್ಟಿದ್ದರೆ ಆ ಕಂಪನಿಯ ಮೇಲೆ ದೂರು ಕೊಡಿ. ಎಂಟು ವಾರದಲ್ಲಿ ಸರಿಯಾದ ಉತ್ತರ ಬಾರದಿದ್ದರೆ ಫೈನಾನ್ಶಿಯಲ್ ಓಂಬುಡ್ಸ್‌ಮನ್ ಇದ್ದಾರೆ, ಕಟ್ಟಿದ ಬಡ್ಡಿ ವಾಪಸ್ ಕೊಡಿಸಿದ ಉದಾಹರಣೆಗಳು ಬೇಕಾದಷ್ಟಿವೆ.

ವೀಸಾದ ಮೇಲಿರುವವರಿಗೆ ಒಂದು ಮಾತು. ಉಚಿತ ಸಲಹೆ, ಬ್ರೀದಿಂಗ್ ಸ್ಪೇಸ್ ಇವು ಪಬ್ಲಿಕ್ ಫಂಡ್ಸ್ ಪಟ್ಟಿಯಲ್ಲಿಲ್ಲ, ಧೈರ್ಯವಾಗಿ ಕೇಳಿ. ಆದರೆ ಕಡಿಮೆ ಆದಾಯದವರಿಗೆ ಕೊಡುವ ಕೌನ್ಸಿಲ್ ಟ್ಯಾಕ್ಸ್ ರಿಡಕ್ಷನ್ ಆ ಪಟ್ಟಿಯಲ್ಲಿದೆ. ಯಾರೋ ಫಾರಂ ತುಂಬಿಕೊಟ್ಟರೆಂದು ಸಹಿ ಹಾಕಬೇಡಿ. ಒಬ್ಬರೇ ಇರುವ ಮನೆಗೆ ಸಿಗುವ ಶೇಕಡಾ 25ರ ರಿಯಾಯಿತಿ ಬೇರೆ, ಅದಕ್ಕೆ ತೊಂದರೆಯಿಲ್ಲ.

ಸಲಹೆಗಾರರ ಜೊತೆ ಮೊದಲ ಸಲ ಮಾತಾಡಲು ಕೂರುವಾಗ ಮೂರು ತಿಂಗಳ ಪೇಸ್ಲಿಪ್, ಎರಡೂ ಖಾತೆಗಳ ಸ್ಟೇಟ್‌ಮೆಂಟ್, ಬಾಡಿಗೆ ಕರಾರು, ಸಾಲದವರ ಪಟ್ಟಿ ಪಕ್ಕದಲ್ಲಿರಲಿ. ಪಟ್ಟಿ ಮಾಡುವಾಗ ಗೆಳತಿಯ ಇನ್ನೂರು ಪೌಂಡ್ ಸಾಲವನ್ನೂ ಬಿಡಬೇಡಿ. ಅಪ್ಪ ಅಮ್ಮನಿಗೆ ತಿಂಗಳು ತಿಂಗಳು ಕಳಿಸುವ ಹಣವನ್ನು ಬಚ್ಚಿಡದೆ ಹೇಳಿ, ಎಷ್ಟು ಕಡಿಮೆ ಮಾಡಬಹುದೆಂದು ಸಲಹೆಗಾರರ ಜೊತೆಗೇ ಲೆಕ್ಕ ಹಾಕಿ. ಮೈಸೂರಿನಲ್ಲೋ ತುಮಕೂರಿನಲ್ಲೋ ನಿಮ್ಮ ಹೆಸರಿಗೆ ಸೈಟಿದ್ದರೆ ಅದನ್ನೂ ಬರೆಸಿ. ಆಸ್ತಿ ಎಂದರೆ ಇಲ್ಲಿಯದಷ್ಟೇ ಅಲ್ಲ, ಊರಿನದೂ ಸೇರುತ್ತದೆ. ಈಗ ತಮ್ಮನ ಹೆಸರಿಗೆ ದಾನಪತ್ರ ಮಾಡಿಸೋಣ ಎಂದು ವಕೀಲರಿಗೆ ಫೋನ್ ಮಾಡಲು ಹೊರಟಿದ್ದರೆ, ಮೊದಲು ಆ ಫೋನ್ ಕೆಳಗಿಟ್ಟು ಸಲಹೆಗಾರರನ್ನು ಕೇಳಿ.