ಕಬ್ಬಿನಿಂದ ಕಾರು ಓಡಿಸಿದ ಬ್ರೆಜಿಲ್

2005ರ ಆಗಸ್ಟ್ 14ರಂದು ರಾಷ್ಟ್ರಪತಿ ಎ.ಪಿ.ಜೆ. ಅಬ್ದುಲ್ ಕಲಾಂ ಅವರು ದೇಶವನ್ನು ಉದ್ದೇಶಿಸಿ ಮಾತನಾಡುತ್ತಾ, 2030ರೊಳಗೆ ಭಾರತ ಇಂಧನ ಸ್ವಾತಂತ್ರ್ಯ ಪಡೆಯಬೇಕು ಎಂದರು. ಆದರೆ ನಮಗೆ ಬೇಕಾದ ಕಚ್ಚಾ ತೈಲದಲ್ಲಿ ಶೇ. 85ಕ್ಕೂ ಹೆಚ್ಚು ಈಗಲೂ ಹೊರದೇಶದಿಂದಲೇ ಬರುತ್ತದೆ. ಒಂದು ದೇಶ ಇದರಿಂದ ಬಿಡಿಸಿಕೊಳ್ಳುವುದು ಹೇಗೆ? ಸ್ನೇಹಿತರೇ, ಇದಕ್ಕೆ ನಾನು ಬ್ರೆಜಿಲ್‌ನ ಉದಾಹರಣೆ ತೆಗೆದುಕೊಂಡಿದ್ದೇನೆ.

1973ರ ಅರಬ್-ಇಸ್ರೇಲ್ ಯುದ್ಧದ ಸಮಯದಲ್ಲಿ ಅರಬ್ ರಾಷ್ಟ್ರಗಳು ತೈಲ ಪೂರೈಕೆ ಕಡಿತಗೊಳಿಸಿದವು. ಬ್ಯಾರಲ್‌ಗೆ ಸುಮಾರು 3 ಡಾಲರ್ ಇದ್ದ ಬೆಲೆ ಕೆಲವೇ ತಿಂಗಳಲ್ಲಿ 12 ಡಾಲರ್ ಹತ್ತಿರ ಹೋಯಿತು. ಬ್ರೆಜಿಲ್ ಆಗ ತನ್ನ ತೈಲದ ಸುಮಾರು ಶೇ. 80ನ್ನು ಆಮದು ಮಾಡುತ್ತಿತ್ತು. ಸರಕು ಅಷ್ಟೇ, ಬಿಲ್ಲು ಮಾತ್ರ ನಾಲ್ಕು ಪಟ್ಟು! ಸಾಲದ್ದಕ್ಕೆ 1975ರಲ್ಲಿ ಸಕ್ಕರೆ ಬೆಲೆಯೂ ಬಿದ್ದು, ಅಲ್ಲಿನ ಕಾರ್ಖಾನೆಗಳು ತೊಂದರೆಗೆ ಸಿಲುಕಿದವು.

ಅದೇ ವರ್ಷ ನವೆಂಬರ್‌ನಲ್ಲಿ ಅಧ್ಯಕ್ಷ ಎರ್ನೆಸ್ಟೊ ಗೈಸೆಲ್ ಅವರ ಸರ್ಕಾರ 'ಪ್ರೊಆಲ್ಕೂಲ್' ಯೋಜನೆ ತಂದಿತು. ಕಬ್ಬಿನಿಂದ ಎಥನಾಲ್ ತಯಾರಿಸುವವರಿಗೆ ಕಡಿಮೆ ಬಡ್ಡಿಯ ಸಾಲ ಕೊಟ್ಟು, ಖರೀದಿಯ ಭರವಸೆಯನ್ನೂ ಕೊಟ್ಟಿತು. 1979ರಲ್ಲಿ ಬರೀ ಎಥನಾಲ್‌ನಿಂದ ಓಡುವ ಫಿಯಟ್ 147 ಕಾರು ಮಾರುಕಟ್ಟೆಗೆ ಬಂತು. 1980ರ ದಶಕದ ಮಧ್ಯದಲ್ಲಿ ಅಲ್ಲಿ ಮಾರಾಟವಾದ ಹತ್ತು ಹೊಸ ಕಾರುಗಳಲ್ಲಿ ಒಂಬತ್ತಕ್ಕೂ ಹೆಚ್ಚು ಎಥನಾಲ್ ಕಾರುಗಳೇ.

ನನಗೆ ಹೆಚ್ಚು ಆಸಕ್ತಿ ಹುಟ್ಟಿಸಿದ್ದು ಇದರ ಮುಂದಿನ ಭಾಗ. 1986ರಲ್ಲಿ ತೈಲ ಬೆಲೆ ಕುಸಿಯಿತು. ಸಹಾಯಧನದ ಹೊರೆ ಸರ್ಕಾರಕ್ಕೆ ಭಾರವಾಯಿತು. ಅಷ್ಟರಲ್ಲಿ ವಿಶ್ವ ಮಾರುಕಟ್ಟೆಯಲ್ಲಿ ಸಕ್ಕರೆ ಬೆಲೆ ಏರಿತು. ಕಾರ್ಖಾನೆಯವರು ಏನು ಮಾಡುತ್ತಾರೆ? ವಾಣಿಜ್ಯ ವಿದ್ಯಾರ್ಥಿಗಳಾದ ನಮಗೆ ಉತ್ತರ ಗೊತ್ತೇ ಇದೆ: ಲಾಭ ಇದ್ದ ಕಡೆ ಹೋಗುತ್ತಾರೆ. ಕಬ್ಬು ಸಕ್ಕರೆಯಾಯಿತು, 1989ರ ಹೊತ್ತಿಗೆ ಬಂಕ್‌ಗಳಲ್ಲಿ ಎಥನಾಲ್ ಸಿಗದಾಯಿತು. ಆ ಕಾರುಗಳಿಗೆ ಬೇರೆ ಇಂಧನ ಹಾಕುವಂತಿರಲಿಲ್ಲ. ಆಮದು ತಪ್ಪಿಸಲು ಹೊರಟ ದೇಶ ಕೊನೆಗೆ ಎಥನಾಲನ್ನೇ ಆಮದು ಮಾಡಿಕೊಂಡಿತು. ಜನರ ನಂಬಿಕೆ ಹೋಗಿ, 1990ರ ದಶಕದ ಕೊನೆಗೆ ಎಥನಾಲ್ ಕಾರು ಕೊಳ್ಳುವವರೇ ಇರಲಿಲ್ಲ ಎನ್ನಬಹುದು. ಅರ್ಥಶಾಸ್ತ್ರದಲ್ಲಿ ನಾವು ಓದುವ 'ಬದಲಿ ಸರಕು' ಇಲ್ಲದಿದ್ದರೆ ಗ್ರಾಹಕನ ಗತಿ ಇದು.

2003ರಲ್ಲಿ ಫೋಕ್ಸ್‌ವ್ಯಾಗನ್ 'ಗೋಲ್' ಎಂಬ ಕಾರು ಹೊಸ ರೂಪದಲ್ಲಿ ಬಂತು. ಪೆಟ್ರೋಲ್, ಎಥನಾಲ್ ಯಾವುದನ್ನು ಹಾಕಿದರೂ, ಎರಡನ್ನೂ ಬೆರೆಸಿದರೂ ಓಡುವ ಫ್ಲೆಕ್ಸ್ ಕಾರು ಅದು. ಒಂದು ಲೀಟರ್ ಎಥನಾಲ್ ಸುಮಾರು ಶೇ. 70ರಷ್ಟೇ ದೂರ ಕೊಡುತ್ತದೆ. ಆದ್ದರಿಂದ ಅಲ್ಲಿನ ಗ್ರಾಹಕರ ಲೆಕ್ಕ ಸುಲಭ: ಪೆಟ್ರೋಲ್ 100 ಇದ್ದಾಗ ಎಥನಾಲ್ 70ಕ್ಕಿಂತ ಕಡಿಮೆ ಇದ್ದರೆ ಎಥನಾಲ್, ಹೆಚ್ಚಿದ್ದರೆ ಪೆಟ್ರೋಲ್. ನಮ್ಮ ಅಬ್ಬಾ ಅವರ ಆಟೋ ಗ್ಯಾಸ್‌ನಿಂದಲೂ ಪೆಟ್ರೋಲ್‌ನಿಂದಲೂ ಓಡುತ್ತದೆ. ಗ್ಯಾಸ್ ಬಂಕ್‌ನಲ್ಲಿ ಸಾಲು ಉದ್ದವಿದ್ದರೆ ಪೆಟ್ರೋಲಿಗೆ ಬದಲಾಯಿಸಿ ಬಾಡಿಗೆಗೆ ಹೋಗುತ್ತಾರೆ. ಬ್ರೆಜಿಲ್ ಕಥೆ ಹೇಳಿದಾಗ ಅವರು ನಕ್ಕು, "ಏಕೀಚ್ ಪೋ ಭರೋಸಾ ನಕ್ಕೋ" (ಒಂದನ್ನೇ ನಂಬಬೇಡ) ಅಂದರು.

ಬ್ರೆಜಿಲ್ ಸಮುದ್ರದಾಳದಲ್ಲೂ ತೈಲ ಹುಡುಕಿತು, 2006ರಲ್ಲಿ ಕಚ್ಚಾ ತೈಲದಲ್ಲಿ ಸ್ವಾವಲಂಬಿ ಎಂದು ಘೋಷಿಸಿಕೊಂಡಿತು. ಆದರೂ ಡೀಸೆಲ್‌ನ ಒಂದು ಪಾಲು ಇಂದಿಗೂ ಆಮದೇ, ಏಕೆಂದರೆ ಅದಕ್ಕೆ ಬೇಕಾದಷ್ಟು ಸಂಸ್ಕರಣಾಗಾರಗಳಿಲ್ಲ. ಜಲವಿದ್ಯುತ್ತನ್ನೇ ನೆಚ್ಚಿಕೊಂಡಿದ್ದರಿಂದ 2001ರ ಬರದಲ್ಲಿ ವಿದ್ಯುತ್ ಪಡಿತರವನ್ನೂ ಕಾಣಬೇಕಾಯಿತು.

ಭಾರತವೂ 2025ರಲ್ಲಿ ಪೆಟ್ರೋಲಿಗೆ ಶೇ. 20 ಎಥನಾಲ್ ಬೆರೆಸುವ ಹಂತ ತಲುಪಿದೆ. ಆದರೆ ಸಾವೊ ಪಾಲೊದ ಕಬ್ಬು ಬಹುಪಾಲು ಮಳೆಯಲ್ಲೇ ಬೆಳೆಯುತ್ತದೆ. ನಮ್ಮ ಮಂಡ್ಯದ ಕಬ್ಬಿಗೆ ಕಾಲುವೆ ನೀರು ಬೇಕು. 2023ರಲ್ಲಿ ಮಳೆ ಕೈಕೊಟ್ಟಾಗ, ಸಕ್ಕರೆ ಕೊರತೆಯಾಗಬಾರದೆಂದು ಕೇಂದ್ರ ಸರ್ಕಾರ ಡಿಸೆಂಬರ್‌ನಲ್ಲಿ ಕಬ್ಬಿನ ರಸದಿಂದ ಎಥನಾಲ್ ಮಾಡುವುದಕ್ಕೆ ಕಡಿವಾಣ ಹಾಕಿತು. 1989ರ ಬ್ರೆಜಿಲ್ ನನಗೆ ನೆನಪಾದದ್ದು ಇಲ್ಲೇ. ಜೋಳ, ಅಕ್ಕಿಯಿಂದಲೂ ನಾವು ಎಥನಾಲ್ ಮಾಡುತ್ತಿರುವುದು ಒಂದು ಸಮಾಧಾನ. ಆದರೆ ಅವು ಊಟದ ತಟ್ಟೆಗೂ, ಕೋಳಿ ಮೇವಿಗೂ ಬೇಕಾದವು. ನನ್ನ ಅಭಿಪ್ರಾಯದಲ್ಲಿ ಬೆರಕೆಯ ಪ್ರಮಾಣ ಇನ್ನೂ ಏರಿಸುವ ಮೊದಲು ಫ್ಲೆಕ್ಸ್ ವಾಹನಗಳು ರಸ್ತೆಗೆ ಬರಬೇಕು, ಬಂಕ್‌ಗಳಲ್ಲಿ ಎರಡು ಇಂಧನಗಳನ್ನೂ ಬೇರೆ ಬೇರೆ ದರಕ್ಕೆ ಮಾರಬೇಕು.