ಅರ್ಧಕ್ಕೆ ನಿಂತ ‘ರಾಜಿ’ ಮುಗಿಸಲೇ?

ಪ್ರಶ್ನೆ: ದುದ್ದದ ಬಿ.ಕಾಂ. ವಿದ್ಯಾರ್ಥಿ ನಾನು. ‘ರಾಜಿ: ಆನ್ ಏನ್ಷಿಯಂಟ್ ಎಪಿಕ್’ ಗೇಮ್ ಅರ್ಧ ಆಡಿದ್ದೇನೆ. ಹೋದಲ್ಲೆಲ್ಲ ಅದೇ ಹೊಡೆದಾಟ, ಬೇಸರ ಬಂದಿದೆ. ಪರೀಕ್ಷೆಯೂ ಹತ್ತಿರವಿದೆ. ದುಡ್ಡು ಕೊಟ್ಟಿದ್ದಕ್ಕಾದರೂ ಮುಗಿಸಬೇಕೆ?

ಉತ್ತರ: ಮುಗಿಸಿದರೂ ದುಡ್ಡು ವಾಪಸ್ ಬರುವುದಿಲ್ಲ, ಆ ಲೆಕ್ಕ ಬಿಡಿ. ಸ್ಟೀಮ್‌ನಲ್ಲಿ ಕೊಂಡು 14 ದಿನ ದಾಟದೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ರೀಫಂಡ್ ಕೇಳಬಹುದು. ಅರ್ಧ ಆಡಿದವರಿಗೆ ಅದು ಕಷ್ಟ.

ಪುಣೆಯ ನಾಡಿಂಗ್ ಹೆಡ್ಸ್ 2020ರಲ್ಲಿ ತಂದ ಈ ಗೇಮ್ ಚಿಕ್ಕದು, ಒಟ್ಟು ಐದಾರು ಗಂಟೆಯ ಆಟ. ದಾರಿಯೂ ಒಂದೇ. ಪರೀಕ್ಷೆ ಮುಗಿದ ಮೇಲೆ ಎರಡು ಸಂಜೆ ಸಾಕು. ತ್ರಿಶೂಲ ಬೀಸಿ ಸಾಕಾಗಿದ್ದರೆ ಬಿಲ್ಲು ಹಿಡಿಯಿರಿ, ಗೋಡೆ ಹತ್ತಿ, ಕಂಬ ಸುತ್ತಿ ಹೊಡೆಯಿರಿ. ಕಥೆ ಹೇಳುವ ದೃಶ್ಯಗಳು ನಮ್ಮ ತೊಗಲುಗೊಂಬೆಯಾಟದ ಧಾಟಿಯಲ್ಲಿವೆ. ನನ್ನ ಮಟ್ಟಿಗೆ ಅವುಗಳಿಗಾಗಿಯೇ ಮುಗಿಸಬಹುದು. ಕೊನೆ ಮಾತ್ರ ದಿಢೀರನೆ ಬರುತ್ತದೆ, ಕಥೆ ಪೂರ್ತಿಯಾದ ಸಮಾಧಾನ ಸಿಗದು. ನಾಯಕಿ ರಾಜಿಯ ತಮ್ಮ ಗೋಲು ಏನಾದನೆಂಬ ಕುತೂಹಲವಷ್ಟೇ ಉಳಿದಿದ್ದರೆ ಯೂಟ್ಯೂಬಿನಲ್ಲಿ ನೋಡಿ, ಗೇಮ್ ಡಿಲೀಟ್ ಮಾಡಿ.

ಬೇಸರ ಬಂದರೂ ಬಿಡಲಾಗದೆ ನಿದ್ದೆಗೆಡುತ್ತಿದ್ದರೆ, ಕ್ಲಾಸು ತಪ್ಪಿಸುತ್ತಿದ್ದರೆ ಮಾತು ಬೇರೆ. ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಕನ್ನಡದಲ್ಲೇ ಮಾತಾಡಬಹುದು. ಇಲ್ಲವೇ ಹಾಸನದ ಹಿಮ್ಸ್ ಆಸ್ಪತ್ರೆಯಲ್ಲಿ ಮನೋವೈದ್ಯರನ್ನು ಕಾಣಿ.